ನೇತ್ರಾಣಿಯ ಬಂಡೆಯಡಿಯ ಕೆಂಪು ಮೀನೂ ದಕ್ಕೆಯ ಡಿಸ್ಕೋವೂ ಒಂದೆಯೇ?

ಕಡಲತಡಿಯವ, ಸುರತ್ಕಲ್:
ನನಗೂ ನನ್ನ ಭಾವನಿಗೂ ಒಂದು ಮೀನಿನ ವಿಷಯದಲ್ಲಿ ಮಾತು ಬೆಳೆದು ಈಗ ಮನೆಯವರೆಲ್ಲ ಎರಡು ಪಕ್ಷವಾಗಿದ್ದಾರೆ. ತಿಳಿದವರು ತೀರ್ಪು ಕೊಡಬೇಕು.

ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಡೈವ್ ಮಾಡಿದ್ದೆವು. ಒಂದು ಬಂಡೆಯ ಚಾಚಿನ ಅಡಿಯಲ್ಲಿ, ಟಾರ್ಚ್ ಹಾಕದಿದ್ದರೆ ಏನೂ ಕಾಣದ ಜಾಗದಲ್ಲಿ, ಅಂಗೈಗಿಂತ ಸ್ವಲ್ಪ ದೊಡ್ಡ ಕೆಂಪು ಮೀನುಗಳ ಗುಂಪು ನಿಂತಿತ್ತು. ಮೈಯುದ್ದಕ್ಕೂ ಬೆಳ್ಳಿ ಗೆರೆಗಳು. ತಲೆಗೆ ಹೊಂದದಷ್ಟು ದೊಡ್ಡ ಕಣ್ಣು. ನಾವು ಹತ್ತಿರ ಹೋದರೂ ಓಡಲಿಲ್ಲ, ಸುಮ್ಮನೆ ಇನ್ನೊಂದಿಷ್ಟು ಒಳಗೆ ಸರಿದವು. ಮೇಲೆ ಬಂದ ತಕ್ಷಣ ಭಾವ, "ಇದು ನಮ್ಮ ದಕ್ಕೆಯಲ್ಲಿ (ಬೋಟುಗಳು ಮೀನು ಇಳಿಸುವ ಕಟ್ಟೆಯಲ್ಲಿ) ರಾಶಿ ಬೀಳುವ ಡಿಸ್ಕೋ ಮೀನು ಅಲ್ಲವೇ" ಎಂದರು. ನಾನು ಅಲ್ಲ ಎಂದೆ. ಮನೆಗೆ ಡಿಸ್ಕೋ ತಂದು ನೋಡಿದರೆ ಬಣ್ಣ ಅದೇ, ಕಣ್ಣು ಅದೇ, ಗೆರೆ ಮಾತ್ರ ಇಲ್ಲ. ಸತ್ತ ಮೇಲೆ ಗೆರೆ ಮಾಸುತ್ತದೆ ಎಂಬುದು ಭಾವನ ವಾದ.

ಎರಡೂ ಒಂದೆಯೇ? ಇನ್ನೊಂದು ಸಂಶಯ. ರಾತ್ರಿ ಹೊರಗೆ ಬರುವ ಮೀನು ಎಂದು ನಮ್ಮ ಡೈವ್ ಗುರು ಹೇಳಿದರು. ಕತ್ತಲೆಯಲ್ಲಿ ತಿರುಗುವವನಿಗೆ ಇಷ್ಟು ಕೆಂಪು ಏಕೆ?

ಮಲ್ಪೆ ತಂಡೇಲ:
ಡಿಸ್ಕೋ ಅಲ್ಲ. ಡಿಸ್ಕೋಗೆ ಉದ್ದ ಗೆರೆ ಇಲ್ಲ, ಬದುಕಿದ್ದಾಗಲೂ ಇಲ್ಲ, ಸತ್ತಾಗಲೂ ಇಲ್ಲ. ಭಾವನಿಗೆ ಹೇಳಿಬಿಡಿ.

ಸುಮ್ಮನೆ ಓದುವವ:
ಭಾವನ ಎದುರು ಗೆದ್ದರೂ ಸೋತರೂ ಖರ್ಚು ನಿಮ್ಮದೇ. ಬಿಟ್ಟುಬಿಡಿ.

ಎಕ್ಕೂರಿನ ಹಳೆಯ ವಿದ್ಯಾರ್ಥಿನಿ:
ತಂಡೇಲಣ್ಣ ಹೇಳಿದ್ದು ಸರಿ, ಒಂದು ತಿದ್ದುಪಡಿಯೊಂದಿಗೆ. ಜೀವಂತ ಡಿಸ್ಕೋ ಮೈಮೇಲೆ ಅಡ್ಡ ಪಟ್ಟೆ ಬರುವುದುಂಟು. ಪೂರ್ತಿ ಕೆಂಪಾಗಿದ್ದದ್ದು ನೋಡುತ್ತಿರುವಂತೆಯೇ ಬೆಳ್ಳಿಯಾಗುತ್ತದೆ, ನಡುವೆ ಪಟ್ಟೆ ಪಟ್ಟೆಯೂ ಆಗುತ್ತದೆ. ಆದರೆ ತಲೆಯಿಂದ ಬಾಲದವರೆಗಿನ ಬೆಳ್ಳಿ ಗೆರೆ ಅದರದಲ್ಲ.

ಕಡಲತಡಿಯವರೇ, ನೀವು ನೋಡಿದ್ದು ಸ್ಕ್ವಿರಲ್ ಫಿಶ್ ಇರಬೇಕು, ಹೋಲೋಸೆಂಟ್ರಿಡೇ ಕುಟುಂಬದ್ದು. ದಕ್ಕೆಯ ಡಿಸ್ಕೋ ಪ್ರಯಾಕ್ಯಾಂಥಸ್ ಹಮ್ರೂರ್, ಬುಲ್ಸ್ ಐ ಎಂದು ರಫ್ತಿನವರು ಬರೆಯುವ ಮೀನು. ಇವೆರಡೂ ಹತ್ತಿರದ ನೆಂಟರೂ ಅಲ್ಲ. ಕೈಯಲ್ಲಿ ಹಿಡಿದರೆ ಗೊಂದಲವೇ ಉಳಿಯುವುದಿಲ್ಲ. ಕೆನ್ನೆಯ ಮೇಲೆ ಬೆರಳಾಡಿಸಿ. ಸ್ಕ್ವಿರಲ್ ಫಿಶ್‌ಗೆ ಕಿವಿರು ಮುಚ್ಚಳದ ಮುಂಭಾಗದ ಮೂಲೆಯಲ್ಲಿ ಹಿಂದಕ್ಕೆ ಚಾಚಿದ ಒಂದು ಗಟ್ಟಿ ಮುಳ್ಳು ಇರುತ್ತದೆ. ಬೆರಳು ನಿಧಾನವಾಗಿ ಆಡಿಸಿ, ಏಕೆಂದರೆ ಆ ಮುಳ್ಳಿನಲ್ಲಿ ವಿಷವಿರುವ ಜಾತಿಗಳೂ ಇವೆ. ಮುಂದೆ ಹುರುಪೆ ನೋಡಿ. ಸ್ಕ್ವಿರಲ್ ಫಿಶ್‌ನದು ದೊಡ್ಡ ದೊಡ್ಡ ಹುರುಪೆ, ಒಂದೊಂದನ್ನೂ ಎಣಿಸಬಹುದು, ಅಂಚಿನಲ್ಲಿ ಗರಗಸದ ಹಲ್ಲು. ಡಿಸ್ಕೋದ್ದು ಸಣ್ಣ ಹುರುಪೆ, ಚರ್ಮಕ್ಕೆ ಅಂಟಿಕೊಂಡೇ ಇರುತ್ತದೆ, ಉಜ್ಜಿದರೆ ಮರಳು ಕಾಗದ. ಬೆನ್ನಿನ ಈಜುರೆಕ್ಕೆಯಲ್ಲಿ ಮುಳ್ಳಿನ ಭಾಗಕ್ಕೂ ಮೆತ್ತನೆಯ ಭಾಗಕ್ಕೂ ನಡುವೆ ಆಳವಾದ ಕಚ್ಚು ಇದ್ದರೆ ಸ್ಕ್ವಿರಲ್ ಫಿಶ್. ಒಂದೇ ಸಮನೆ ಹೋದರೆ ಡಿಸ್ಕೋ. ಹೊಟ್ಟೆಯಡಿಯ ಹಿಂದಿನ ರೆಕ್ಕೆಯಲ್ಲಿ ಸ್ಕ್ವಿರಲ್ ಫಿಶ್‌ಗೆ ನಾಲ್ಕು ಮುಳ್ಳು, ಡಿಸ್ಕೋಗೆ ಮೂರು. ದೊಡ್ಡ ಡಿಸ್ಕೋದ ಬಾಲದ ಅಂಚು ಬಿದಿಗೆ ಚಂದ್ರನ ಹಾಗೆ ಒಳಬಾಗಿರುತ್ತದೆ.

ಬಣ್ಣ ನೋಡಿ ಮೀನು ಗುರುತಿಸುವುದು ಎಕ್ಕೂರಿನ ನಮ್ಮ ಮೀನುಗಾರಿಕೆ ಕಾಲೇಜಿನಲ್ಲಿ ಮೊದಲ ವಾರದಲ್ಲೇ ಬಿಡಿಸುವ ಚಟ.

ಪುಳಿಮುಂಚಿ ಪ್ರಿಯೆ:
ಅಕ್ಕ, ವಿಷದ ಮುಳ್ಳು ಎಂದಿರಲ್ಲ, ಚುಚ್ಚಿದರೆ ಏನು ಮಾಡುವುದು? ನಾನು ದಕ್ಕೆಯಿಂದ ಕೆಂಪು ಮೀನು ತಂದು ನಾನೇ ಕತ್ತರಿಸುವವಳು.

ಎಕ್ಕೂರಿನ ಹಳೆಯ ವಿದ್ಯಾರ್ಥಿನಿ:
ನೀವು ತರುವುದು ಡಿಸ್ಕೋ, ಅದಕ್ಕೆ ಆ ವಿಷವಿಲ್ಲ. ಮುಳ್ಳು ಚೂಪು, ಅಷ್ಟೇ. ಸ್ಕ್ವಿರಲ್ ಫಿಶ್ ಚುಚ್ಚಿದರೆ ತೊರಕೆಯ ಬಾಲದ ಮುಳ್ಳಿಗೆ ಮಾಡುವಂತೆಯೇ, ಚರ್ಮ ಸುಡದಷ್ಟು, ತಡೆದುಕೊಳ್ಳುವಷ್ಟು ಬಿಸಿಯ ನೀರಿನಲ್ಲಿ ಅದ್ದಿ ಇಟ್ಟು ವೈದ್ಯರ ಬಳಿ ಹೋಗಬೇಕು. ಅರಿಶಿನ ಮೆತ್ತಿ ಮಲಗಬೇಡಿ.

ಮಲ್ಪೆ ತಂಡೇಲ:
ನಮ್ಮ ಬಲೆಗೆ ಅಪರೂಪಕ್ಕೆ ಅಂಥ ಮುಳ್ಳಿನ ಕೆಂಪು ಮೀನೂ ಬೀಳುತ್ತದೆ. ಬಂಡೆಯ ಹತ್ತಿರ ಎಳೆದಾಗ ಮಾತ್ರ. ಬಂಡೆಯ ಹತ್ತಿರ ಎಳೆಯುವವನು ಬಲೆ ಹರಿದುಕೊಳ್ಳುತ್ತಾನೆ, ಅದಕ್ಕೇ ಅಪರೂಪ. ಡಿಸ್ಕೋ ಹಾಗಲ್ಲ, ಆಳದಲ್ಲಿ ಸಪಾಟು ನೆಲದ ಮೇಲೆ ಹಿಂಡು ಹಿಂಡು. ಅದನ್ನು ಹವಳದ ದಿಬ್ಬದ ಮೀನು ಎಂದು ಪುಸ್ತಕದಲ್ಲಿ ಬರೆದವರು ನಮ್ಮ ಬೋಟಿಗೆ ಒಮ್ಮೆ ಬರಲಿ.

ಎಕ್ಕೂರಿನ ಹಳೆಯ ವಿದ್ಯಾರ್ಥಿನಿ:
ಎರಡೂ ನಿಜ, ತಂಡೇಲಣ್ಣ. ಕೆಂಪು ಸಮುದ್ರ, ಮಾಲ್ದೀವ್ಸ್ ಕಡೆ ಡೈವ್ ಮಾಡುವವರಿಗೆ ಅದು ದಿಬ್ಬದ ಪಕ್ಕದಲ್ಲೇ ಸಿಗುತ್ತದೆ. ನಮ್ಮಲ್ಲಿ 50 ಮೀಟರ್ ದಾಟಿದ ಮೇಲೆ ಟ್ರಾಲ್‌ಗೆ ಬೀಳುತ್ತದೆ. 200 ಮೀಟರ್ ಆಚೆಗೂ ಇದೆ.

ನಿವೃತ್ತ ಮೇಷ್ಟ್ರು, ಕಾರ್ಕಳ:
ಕೆಂಪಿನ ಪ್ರಶ್ನೆ ಯಾರೂ ಮುಟ್ಟಲಿಲ್ಲವಲ್ಲ. ಬೆಳಕಿನ ಬಣ್ಣಗಳಲ್ಲಿ ನೀರು ಮೊದಲು ನುಂಗುವುದು ಕೆಂಪನ್ನು. ಹತ್ತು ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಬೆಳಕು ಬಹುಪಾಲು ಮುಗಿದಿರುತ್ತದೆ. ಉಳಿಯುವುದು ನೀಲಿ, ಹಸಿರು. ಕೆಂಪು ಮೈಯ ಮೇಲೆ ನೀಲಿ ಬೆಳಕು ಬಿದ್ದರೆ ಮೈ ಅದನ್ನು ಹೀರಿಕೊಳ್ಳುತ್ತದೆ, ವಾಪಸು ಕಳಿಸಲು ಏನೂ ಇರುವುದಿಲ್ಲ. ನೋಡುವವನಿಗೆ ಬೂದು, ಕಪ್ಪು. ನಿಮಗೆ ಕೆಂಪಾಗಿ ಕಂಡದ್ದು ನಿಮ್ಮ ಟಾರ್ಚ್‌ನಿಂದ. ಟಾರ್ಚ್ ಆರಿಸಿದ್ದರೆ ಅದೊಂದು ನೆರಳು.

ಗಾಜಿನ ತೊಟ್ಟಿ:
ಮೇಷ್ಟ್ರೇ, ಹಾಗಾದರೆ ನೇರವಾಗಿ ಕಪ್ಪೇ ಆಗಬಹುದಿತ್ತಲ್ಲ? ಕೆಂಪಾಗುವ ಸುತ್ತುದಾರಿ ಏಕೆ?

ಸುಮ್ಮನೆ ಓದುವವ:
ಕೆಂಪು ಎಂದರೆ ಅಪಾಯದ ಗುರುತು. ಮುಳ್ಳಿನಲ್ಲಿ ವಿಷ ಇದೆ ಎಂದು ಈಗಷ್ಟೇ ಹೇಳಿದರಲ್ಲ. ಹತ್ತಿರ ಬರಬೇಡಿ ಎನ್ನುತ್ತಿದೆ.

ನಿವೃತ್ತ ಮೇಷ್ಟ್ರು, ಕಾರ್ಕಳ:
ಯಾರಿಗೆ ಹೇಳುತ್ತಿದೆ ಸ್ವಾಮಿ? ಕೆಂಪು ಕಾಣದ ಜಾಗದಲ್ಲಿ ಕೆಂಪು ಬಾವುಟ ಹಿಡಿದು ಏನು ಪ್ರಯೋಜನ? ವಿಷವಿಲ್ಲದ ಡಿಸ್ಕೋ ಕೂಡ ಕೆಂಪಾಗಿಯೇ ಇದೆ.

ಗಾಜಿನ ತೊಟ್ಟಿಯವರಿಗೆ: ಕೆಂಪು, ಕಿತ್ತಳೆ ಬಣ್ಣದ ಕ್ಯಾರೊಟಿನಾಯ್ಡ್‌ಗಳನ್ನು ಮೀನು ತಾನೇ ತಯಾರಿಸಿಕೊಳ್ಳಲಾರದು, ತಿಂದು ಪಡೆಯಬೇಕು. ಸಿಗಡಿ, ಏಡಿ, ಅವುಗಳ ಮರಿಗಳನ್ನು ತಿನ್ನುವವನಿಗೆ ಅದು ಊಟದ ಜೊತೆಗೇ ಬರುತ್ತದೆ. ಕೈಗೆ ಸಿಕ್ಕಿದ ಬಣ್ಣವೇ ಕತ್ತಲೆಯಲ್ಲಿ ಕಪ್ಪಿನ ಕೆಲಸವನ್ನೂ ಮಾಡುವಾಗ ಸುತ್ತುದಾರಿ ಎಲ್ಲಿ ಬಂತು?

ಗಾಜಿನ ತೊಟ್ಟಿ:
ಪೂರ್ತಿ ಒಪ್ಪಲಾರೆ, ಆದರೂ ಉತ್ತರ ಚೆನ್ನಾಗಿದೆ.

ನಾನು ಉಪ್ಪುನೀರಿನ ತೊಟ್ಟಿ ಸಾಕುವವನು, ಹಾಗಾಗಿ ಒಂದು ವಿಷಯ ಕಣ್ಣಾರೆ ನೋಡಿ ಗೊತ್ತು. ಒಂದು ಸ್ಕ್ವಿರಲ್ ಫಿಶ್ ತಂದಿದ್ದೆ. ಹಗಲಿಡೀ ಕಲ್ಲಿನ ಪೊಟರೆಯಲ್ಲಿ, ಮುಖ ಹೊರಗೆ ಹಾಕಿ, ಎದೆಯ ರೆಕ್ಕೆಗಳನ್ನಷ್ಟೇ ಆಡಿಸುತ್ತಾ ನಿಲ್ಲುತ್ತಿತ್ತು. ದುಡ್ಡು ದಂಡವಾಯಿತು ಎಂದುಕೊಂಡಿದ್ದೆ. ದೀಪ ಆರಿಸಿ ಕೆಂಪು ಬಲ್ಬ್ ಹಾಕಿ ಕುಳಿತಾಗ ಬೇರೆಯದೇ ಪ್ರಾಣಿ. ಕೆಂಪು ಬೆಳಕು ಅವುಗಳ ಕಣ್ಣಿಗೆ ಸರಿಯಾಗಿ ನಾಟುವುದಿಲ್ಲ, ಆದ್ದರಿಂದ ನಾವಿರುವುದು ಅವಕ್ಕೆ ಲೆಕ್ಕಕ್ಕಿಲ್ಲ. ಪೊಟರೆಯಿಂದ ಹೊರಬಂದು ತಳಕ್ಕೆ ಅಂಟಿಕೊಂಡಂತೆ ಈಜುತ್ತಾ, ಪ್ರತಿ ಕಲ್ಲಿನ ಬುಡಕ್ಕೂ ಒಂದೊಂದು ಸಲ ಮೂತಿ ಇಟ್ಟು ನೋಡುತ್ತಾ ಹೋಯಿತು. ತೊಟ್ಟಿ ಶುಚಿ ಮಾಡಲೆಂದು ಬಿಟ್ಟಿದ್ದ ಸಣ್ಣ ಸಿಗಡಿಗಳು ಒಂದೊಂದಾಗಿ ಕಾಣೆಯಾಗುತ್ತಿದ್ದುದು ಎಲ್ಲಿಗೆಂದು ಆ ರಾತ್ರಿ ತಿಳಿಯಿತು. ಸಣ್ಣ ಮೀನು ಸಾಕುವವರು ಇದನ್ನು ತರಬೇಡಿ.

ಪುಳಿಮುಂಚಿ ಪ್ರಿಯೆ:
ಸಿಗಡಿಯ ಈಗಿನ ಬೆಲೆಗೆ ನಿಮ್ಮ ಮೀನು ನಮ್ಮ ಮನೆಯವರಿಗಿಂತ ಚೆನ್ನಾಗಿ ಉಂಡಿದೆ.

ಬಂದರ್ ಅಂಗಡಿ:
ನಮ್ಮದು ಮಂಗಳೂರಿನ ಹಳೆ ಬಂದರಿನಲ್ಲಿ ಅಜ್ಜನ ಕಾಲದ ಅಂಗಡಿ. ಲಕ್ಷದ್ವೀಪಕ್ಕೆ ಅಕ್ಕಿ, ಬೆಲ್ಲ, ಜಲ್ಲಿ, ಸಿಮೆಂಟ್ ಎಲ್ಲ ಇಲ್ಲಿಂದ ಮಂಜಿಯಲ್ಲಿ, ಅಂದರೆ ಸರಕಿನ ಹಡಗಿನಲ್ಲಿ, ಹೋಗುತ್ತದೆ. ಹಾಗಾಗಿ ಕಡಮತ್ ದ್ವೀಪದವರ ಒಡನಾಟ ಇದೆ. ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ, 1956ರ ನವೆಂಬರ್ 1ರವರೆಗೆ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಈ ದ್ವೀಪಗಳು ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲೇ ಇದ್ದವು. ಕಲೆಕ್ಟರ್ ಕಚೇರಿ ಇಲ್ಲಿ, ಹವಳ ಅಲ್ಲಿ.

ಕಡಮತ್‌ನಲ್ಲಿ ಒಬ್ಬ ಗೆಳೆಯನ ಜೊತೆ ರಾತ್ರಿ ನೀರಿಗಿಳಿದಿದ್ದೇನೆ. ಹಗಲು ನೋಡಿದ ಜಾಗವೇ, ಒಂದು ಮೀನೂ ಹಗಲಿನದಲ್ಲ. ಗಿಣಿ ಬಣ್ಣದವು, ಚಿಟ್ಟೆಯಂಥವು ಎಲ್ಲ ಬಿರುಕುಗಳೊಳಗೆ. ಅವು ಖಾಲಿ ಮಾಡಿದ ನೀರನ್ನು ಈ ಕೆಂಪು ಮೀನುಗಳು ಹಿಡಿದುಕೊಂಡಿದ್ದವು. ಗಮನಿಸಿದ್ದು ಏನೆಂದರೆ, ಗೆರೆ ಇರುವವು ತಳದಲ್ಲೇ ಹುಡುಕಾಡುತ್ತಿದ್ದವು, ಗೆರೆ ಇಲ್ಲದ ದಪ್ಪ ತಲೆಯ ಇನ್ನೊಂದು ಬಗೆಯವು ದಿಬ್ಬ ಬಿಟ್ಟು ಮೇಲೆ, ನಡುನೀರಿನಲ್ಲಿ ಚದುರಿಕೊಂಡಿದ್ದವು. ಅದು ಡಿಸ್ಕೋ ಇರಬಹುದೇ?

ಎಕ್ಕೂರಿನ ಹಳೆಯ ವಿದ್ಯಾರ್ಥಿನಿ:
ಸೋಲ್ಜರ್ ಫಿಶ್. ಸ್ಕ್ವಿರಲ್ ಫಿಶ್‌ನದೇ ಕುಟುಂಬ, ಆದರೆ ಕೆನ್ನೆಯ ಆ ದೊಡ್ಡ ಮುಳ್ಳಿಲ್ಲ. ಮೂತಿ ಮೊಂಡು. ಹಗಲು ಎರಡೂ ಒಂದೇ ಗುಹೆಯಲ್ಲಿ ಇರಬಹುದು, ರಾತ್ರಿಯ ದುಡಿಮೆ ಬೇರೆ ಬೇರೆ. ಸ್ಕ್ವಿರಲ್ ಫಿಶ್ ತಳದ ಏಡಿ, ಸಿಗಡಿ ಹುಡುಕುತ್ತದೆ. ಸೋಲ್ಜರ್ ಫಿಶ್ ಮೇಲೇರಿ ನೀರಿನಲ್ಲಿ ತೇಲುವ ಏಡಿಮರಿ, ಪ್ಲವಕಗಳನ್ನು ಹಿಡಿಯುತ್ತದೆ. ಹಗಲು ಆಳದಲ್ಲಿ ಅಡಗಿರುವ ಎಷ್ಟೋ ಪ್ಲವಕಗಳು ಮೇಲೆ ಬರುವುದೇ ರಾತ್ರಿ.

ಹವಾಯಿಯ ಕೋನಾ ತೀರದಲ್ಲಿ ಎಡ್ಮಂಡ್ ಹಾಬ್ಸನ್ ಎಂಬ ವಿಜ್ಞಾನಿ ಸಂಜೆ ಹೊತ್ತು ನೀರಿನಲ್ಲೇ ಕಾದು ಕುಳಿತು ಈ ಪಾಳಿ ಬದಲಾವಣೆಯನ್ನು ದಾಖಲಿಸಿದರು. ಸೂರ್ಯ ಮುಳುಗಿದ ಮೇಲೆ ಸುಮಾರು ಕಾಲು ಗಂಟೆ ದಿಬ್ಬದ ಮೇಲಿನ ನೀರು ಖಾಲಿ. ಹಗಲಿನವು ಒಳಗೆ ಹೋಗಿರುತ್ತವೆ, ರಾತ್ರಿಯವು ಹೊರಗೆ ಬಂದಿರುವುದಿಲ್ಲ. ಬೇಟೆಗಾರ ಮೀನುಗಳಿಗೆ ಅನುಕೂಲವಾದ ಹೊತ್ತು ಅದು. ಆ ಮಬ್ಬಿನಲ್ಲಿ ಹಗಲಿನ ಕಣ್ಣೂ ಸರಿಯಾಗಿ ಕಾಣಿಸದು, ರಾತ್ರಿಯ ಕಣ್ಣೂ ಪೂರ್ತಿ ಏಳದು. ನನಗೆ ಈ ಮೀನುಗಳ ಬದುಕಿನಲ್ಲಿ ಎಲ್ಲಕ್ಕಿಂತ ಹೆಚ್ಚು ಕುತೂಹಲ ಹುಟ್ಟಿಸುವುದು ಆ ಕಾಲು ಗಂಟೆಯೇ.

ಕಡಲತಡಿಯವ, ಸುರತ್ಕಲ್:
ಅಂದರೆ ಹಗಲು ನಾವು ನೋಡಿದ್ದು ನಿದ್ದೆ ಮಾಡುತ್ತಿದ್ದ ಮೀನುಗಳನ್ನು?

ಎಕ್ಕೂರಿನ ಹಳೆಯ ವಿದ್ಯಾರ್ಥಿನಿ:
ನಿದ್ದೆ ಎನ್ನಲಾರೆ, ಬಿಡುವು ಎನ್ನಬಹುದು. ಹಗಲಿನಲ್ಲೂ ಅವು ತಮ್ಮ ಬಿಲದ ಬಾಗಿಲಿಗೆ ಬಂದವರನ್ನು ಗದರಿಸುತ್ತವೆ. ಗದರಿಸುವುದೆಂದರೆ ನಿಜವಾಗಿಯೂ ಸದ್ದು. ಗಾಳಿಚೀಲವನ್ನು ಸ್ನಾಯುಗಳಿಂದ ಅದುರಿಸಿ ಗುರ್ ಎನ್ನುತ್ತವೆ. ಅಟ್ಲಾಂಟಿಕ್‌ನ ಒಂದು ಸ್ಕ್ವಿರಲ್ ಫಿಶ್ ಸಣ್ಣಪುಟ್ಟ ನೆರೆಹೊರೆಯವರಿಗೆ ಒಂದು ಬಗೆಯಲ್ಲಿ ಗುರುಗುಟ್ಟುತ್ತದೆ. ಮೊರೆ ಹಾವುಮೀನಿನಂಥ ದೊಡ್ಡವನು ಬಂದರೆ ಬಿಡಿ ಬಿಡಿ ಸದ್ದುಗಳನ್ನು ಸರಮಾಲೆಯಾಗಿ ಹೊರಡಿಸುತ್ತದೆ. ಕಿವಿಯೂ ಅಷ್ಟೇ ಚುರುಕು. ಸೋಲ್ಜರ್ ಫಿಶ್‌ನ ಗಾಳಿಚೀಲ ತಲೆಬುರುಡೆಯವರೆಗೂ ಚಾಚಿ ಒಳಗಿವಿಗೆ ತಾಗುವಂತಿರುತ್ತದೆ. 3000 ಹರ್ಟ್ಸ್‌ವರೆಗಿನ ಸದ್ದು ಅದಕ್ಕೆ ಕೇಳುತ್ತದೆ. ಎಷ್ಟೋ ಮೀನುಗಳಿಗೆ ಅದರ ಮೂರನೆಯ ಒಂದು ಭಾಗವೂ ಕೇಳದು.

ಮಲ್ಪೆ ತಂಡೇಲ:
ಗುರ್ ಎನ್ನುವುದು ನಿಜ. ಬಲೆ ಬಿಚ್ಚುವಾಗ ಕೈಯಲ್ಲೇ ಅದುರಿದ್ದು ಗೊತ್ತಾಗುತ್ತದೆ. ಹೊಸ ಹುಡುಗರು ಹೆದರಿ ಕೈ ಬಿಡುತ್ತಾರೆ.

ನಿವೃತ್ತ ಮೇಷ್ಟ್ರು, ಕಾರ್ಕಳ:
ಕಣ್ಣಿನ ವಿಷಯವೂ ಬರಲಿ. ಡಿಸ್ಕೋ ಕಣ್ಣಿಗೆ ಬೆಳಕು ಹಾಯಿಸಿದರೆ ಹೊಳೆಯುತ್ತದೆ, ಬೆಕ್ಕಿನ ಕಣ್ಣಿನ ಹಿಂದೆ ಇರುವಂಥದೇ ಪ್ರತಿಫಲಿಸುವ ಪದರ ಅದಕ್ಕೂ ಇದೆ. ಒಮ್ಮೆ ಒಳಗೆ ಬಂದ ಬೆಳಕನ್ನು ಎರಡು ಸಲ ಬಳಸಿಕೊಳ್ಳುವ ಉಪಾಯ. ಸ್ಕ್ವಿರಲ್ ಫಿಶ್ ಕುಟುಂಬದ್ದು ಇನ್ನೊಂದು ದಾರಿ. ಮಂದ ಬೆಳಕಿಗೆಂದೇ ಇರುವ ಕಂಬಿಕೋಶಗಳು ಅಕ್ಷಿಪಟಲದಲ್ಲಿ ಒಂದರ ಮೇಲೊಂದು ಹಲವು ಪದರಗಳಲ್ಲಿ ಜೋಡಿಸಿಕೊಂಡಿರುತ್ತವೆ. ನೆಂಟಸ್ತಿಕೆ ಇಲ್ಲದ ಎರಡು ಮೀನುಗಳು, ಅದೇ ಕತ್ತಲೆ, ಬೇರೆ ಬೇರೆ ಪರಿಹಾರ. ಹೊರಗಿನಿಂದ ನೋಡುವವರಿಗೆ ಕೆಂಪು ಮೈ, ದೊಡ್ಡ ಕಣ್ಣು, ಅಷ್ಟೇ. ಭಾವನವರದು ಅಂಥ ದೊಡ್ಡ ಅಪರಾಧವೇನೂ ಅಲ್ಲ.

ಸುಮ್ಮನೆ ಓದುವವ:
ಮೇಷ್ಟ್ರು ಭಾವನ ಪಕ್ಷಕ್ಕೆ ಹೋದರು. ನ್ಯಾಯಾಲಯ ಮಾರಾಟವಾಗಿದೆ.

ಮಲ್ಪೆ ತಂಡೇಲ:
ಇಷ್ಟು ಸೂಕ್ಷ್ಮ ಕಣ್ಣಿನ ಮೀನುಗಳ ಮೇಲೆ ಮೀನು ಸೆಳೆದು ಹಿಡಿಯಲು ರಾತ್ರಿ ಕಿಲೋವ್ಯಾಟ್‌ಗಟ್ಟಲೆ ಎಲ್‌ಇಡಿ ದೀಪ ಸುರಿಯುವವರ ಬಗ್ಗೆಯೂ ಯಾರಾದರೂ ಬರೆಯಿರಿ. 2017ರ ನವೆಂಬರ್‌ನಲ್ಲೇ ಕೇಂದ್ರ ಸರಕಾರ ನಿಷೇಧಿಸಿದೆ. ಕಡಲಿನ ಮೇಲೆ ರಾತ್ರಿ ನಿಂತು ನೋಡಿದರೆ ನಿಷೇಧ ಎಲ್ಲಿದೆ ಎಂದು ಹುಡುಕಲು ಆ ದೀಪದ ಬೆಳಕೇ ಸಾಕು. ಜೂನ್, ಜುಲೈ ಎರಡು ತಿಂಗಳು ನಾವು ಬೋಟ್ ಕಟ್ಟಿ ಕೂರುತ್ತೇವೆ, ಮೀನು ಬೆಳೆಯಲಿ ಎಂದು. ಬೆಳೆದದ್ದನ್ನು ಒಂದೇ ರಾತ್ರಿ ಬಾಚಿಕೊಂಡು ಹೋಗುತ್ತಾರೆ.

ಬಂದರ್ ಅಂಗಡಿ:
ತಂಡೇಲರೇ, ಸಣ್ಣ ಕಣ್ಣಿನ ಬಲೆ ಎಳೆದು ಮರಿ ಡಿಸ್ಕೋವನ್ನೆಲ್ಲ ಮೀನುಹುಡಿ ಕಾರ್ಖಾನೆಗೆ ಹಾಕುವವರು ಟ್ರಾಲ್ ಬೋಟಿನವರೇ ಅಲ್ಲವೇ? ದೀಪದವರನ್ನು ಮಾತ್ರ ಬೈದರೆ ಹೇಗೆ?

ಮಲ್ಪೆ ತಂಡೇಲ:
ಮಾಡುವವರು ಇದ್ದಾರೆ, ಇಲ್ಲ ಎನ್ನುವುದಿಲ್ಲ. ಡೀಸೆಲ್ ಬೆಲೆ, ಐಸ್ ಬೆಲೆ ನೋಡಿದರೆ ಬಲೆಗೆ ಬಿದ್ದದ್ದನ್ನು ಬಿಸಾಡುವ ಧೈರ್ಯ ಯಾರಿಗೂ ಇಲ್ಲ. ಮೊದಲು ಡಿಸ್ಕೋ ಬಂದರೆ ಸಮುದ್ರಕ್ಕೇ ಎಸೆಯುತ್ತಿದ್ದೆವು, ಕೇಳುವವರಿರಲಿಲ್ಲ. ಮೀನಿನ ಮಾಂಸ ಅರೆದು ಸುರಿಮಿ ಮಾಡುವ ಕಾರ್ಖಾನೆಯವರು ಕೊಳ್ಳಲು ಶುರು ಮಾಡಿದ ಮೇಲೆ ರಾಣಿ ಮೀನಿನ ಪಕ್ಕದಲ್ಲಿ ಅದಕ್ಕೂ ಜಾಗ ಸಿಕ್ಕಿತು.

ಗಾಜಿನ ತೊಟ್ಟಿ:
ನಮ್ಮ ಕರಾವಳಿಯವರು ಕಾರ್ಗಿಲ್ ಎನ್ನುವ ಮೀನಿನ ಕಥೆಯೂ ಇದೇ ಅಲ್ಲವೇ? ಅದೂ ಹವಳದ ದಿಬ್ಬದ ಮೀನು. ಹಿಂಡು ಹಿಂಡಾಗಿ ಬಂದು ಬಲೆ ತುಂಬಿತು.

ಎಕ್ಕೂರಿನ ಹಳೆಯ ವಿದ್ಯಾರ್ಥಿನಿ:
ಅದು ಟ್ರಿಗರ್ ಫಿಶ್, ಹಗಲಿನ ಪಾಳಿಯವನು. ಕತ್ತಲಾದರೆ ಬಿರುಕಿಗೆ ನುಗ್ಗಿ ಬೆನ್ನಿನ ಮುಳ್ಳನ್ನು ಸೆಟೆಸಿ ಅಗುಳಿ ಹಾಕಿಕೊಂಡು ಮಲಗುತ್ತದೆ. ಎಳೆದರೂ ಬರುವುದಿಲ್ಲ.

ಪುಳಿಮುಂಚಿ ಪ್ರಿಯೆ:
ಎಲ್ಲರೂ ಕಣ್ಣು, ಕಿವಿ ಎನ್ನುತ್ತಿದ್ದೀರಿ, ರುಚಿಯ ಬಗ್ಗೆ ಒಬ್ಬರೂ ಬರೆದಿಲ್ಲ. ಡಿಸ್ಕೋ ಮಾಂಸ ಬಿಳಿ, ಗಟ್ಟಿ, ಮುಳ್ಳು ಕಡಿಮೆ. ಜನ ದೂರ ಇಡುವುದು ಚರ್ಮದ ದೆಸೆಯಿಂದ. ಹುರುಪೆ ಕೆರೆಯಲು ಹೋಗಲೇಬೇಡಿ, ಕತ್ತಿ ಮೊಂಡಾಗುತ್ತದೆ. ತಲೆಯ ಹಿಂದೆ ಅಡ್ಡಕ್ಕೆ ಒಂದು ಗೀರು, ಬೆನ್ನಿನ ರೆಕ್ಕೆಯ ಎರಡೂ ಬದಿಗೆ ಮತ್ತು ಹೊಟ್ಟೆಯ ಅಂಚಿಗೆ ಒಂದೊಂದು ಗೀರು ಹಾಕಿ. ತಲೆ ಕಡೆಯ ತುದಿಯನ್ನು ಉಪ್ಪು ಹಚ್ಚಿದ ಬೆರಳಿನಿಂದ ಹಿಡಿದು ಬಾಲದ ಕಡೆಗೆ ಎಳೆದರೆ ಅಂಗಿ ಕಳಚಿದ ಹಾಗೆ ಚರ್ಮ ಪೂರ್ತಿ ಬರುತ್ತದೆ. ಪುಳಿಮುಂಚಿ ಸಾರಿಗೆ ಹುಳಿ ಸ್ವಲ್ಪ ಮುಂದಾಗಿಯೇ ಇರಲಿ, ಮೀನು ಸಪ್ಪೆ ಜಾತಿ. ಬಂಗುಡೆಯ ಅಳತೆ ಇದಕ್ಕೆ ಸಾಲದು.

ಸುಮ್ಮನೆ ಓದುವವ:
ಈ ಇಡೀ ಚರ್ಚೆಯಲ್ಲಿ ಉಪಯೋಗಕ್ಕೆ ಬಂದ ಮಾತು ಇದೊಂದೇ.

ಪುಳಿಮುಂಚಿ ಪ್ರಿಯೆ:
ಅಕ್ಕ, ನೇತ್ರಾಣಿಯ ಗೆರೆ ಮೀನು ತಿನ್ನಬಹುದೇ?

ಎಕ್ಕೂರಿನ ಹಳೆಯ ವಿದ್ಯಾರ್ಥಿನಿ:
ಎಷ್ಟೋ ಕಡೆ ತಿನ್ನುತ್ತಾರೆ, ಹವಾಯಿಯಲ್ಲಿ ಸೋಲ್ಜರ್ ಫಿಶ್ ಎಂದರೆ ಪ್ರಾಣ. ಆದರೆ ನೇತ್ರಾಣಿಯಲ್ಲಿ ಇರುವುದೇ ಒಂದು ಹಿಡಿ ಹವಳ. ಅಲ್ಲಿಂದ ಹಿಡಿದು ತರುವ ಯೋಚನೆ ದಯವಿಟ್ಟು ಬೇಡ. ಪಾತ್ರೆಗೆ ಡಿಸ್ಕೋ ಇದೆಯಲ್ಲ.

ನಿವೃತ್ತ ಮೇಷ್ಟ್ರು, ಕಾರ್ಕಳ:
ಒಂದು ಸ್ವಾರಸ್ಯ ಹೇಳಿಬಿಡುತ್ತೇನೆ. ಡಿಸ್ಕೋಗೂ, ಕುಟುಂಬದಲ್ಲೇ ದೊಡ್ಡದಾದ, ಅರ್ಧ ಮೀಟರ್ ಮುಟ್ಟುವ ಸ್ಕ್ವಿರಲ್ ಫಿಶ್‌ಗೂ ವೈಜ್ಞಾನಿಕ ಹೆಸರಿಟ್ಟವನು ಒಬ್ಬನೇ, ಅರೇಬಿಯಾಕ್ಕೆ ಹೋದ ಡೆನ್ಮಾರ್ಕ್‌ನ ಅನ್ವೇಷಣಾ ತಂಡದ ಪೀಟರ್ ಫೋರ್ಸ್‌ಕಲ್. ಎರಡೂ ಕೆಂಪು ಸಮುದ್ರದಲ್ಲಿ ಸಿಕ್ಕವು. ಅವನು 1763ರಲ್ಲಿ ಯೆಮನ್‌ನಲ್ಲಿ ಮಲೇರಿಯಾದಿಂದ ತೀರಿಕೊಂಡ. ಬರಹಗಳನ್ನು 1775ರಲ್ಲಿ ಅಚ್ಚು ಹಾಕಿಸಿದವನು ಜೊತೆಗಾರ ಕಾರ್ಸ್ಟನ್ ನೀಬೂರ್. ಆ ತಂಡದಲ್ಲಿ ಬದುಕಿ ಊರು ಸೇರಿದವನು ನೀಬೂರ್ ಒಬ್ಬನೇ, ಅದೂ ಮುಂಬಯಿಗೆ ಬಂದು ಹೋದ ಮೇಲೆ.

ಎಕ್ಕೂರಿನ ಹಳೆಯ ವಿದ್ಯಾರ್ಥಿನಿ:
ಹೆಸರಿನ ಗೊಂದಲಕ್ಕೆ ಇನ್ನೊಂದು ಸೇರಿಸಿಕೊಳ್ಳಿ, ಮೇಷ್ಟ್ರೇ. ಸ್ಕ್ವಿರಲ್ ಫಿಶ್ ಮರಿಗಳು ದಿಬ್ಬದಲ್ಲಿ ಬೆಳೆಯುವುದಿಲ್ಲ, ವಾರಗಟ್ಟಲೆ ತೆರೆದ ಸಮುದ್ರದಲ್ಲಿ ತೇಲುತ್ತವೆ. ಆಗ ಅವಕ್ಕೆ ಉದ್ದ ಚೂಪು ಮೂತಿ, ತಲೆಯ ಮೇಲೆ ಮುಳ್ಳುಗಳು. ದೊಡ್ಡವಕ್ಕೂ ಅವಕ್ಕೂ ಏನೇನೂ ಹೋಲಿಕೆ ಇಲ್ಲ. ಹತ್ತೊಂಬತ್ತನೆಯ ಶತಮಾನದ ಪಂಡಿತರು ಅದು ಬೇರೆಯೇ ಮೀನೆಂದು ರಿಂಕಿಕ್ತಿಸ್ ಎಂಬ ಹೊಸ ಕುಲವನ್ನೇ ಸ್ಥಾಪಿಸಿದ್ದರು.

ಕಡಲತಡಿಯವ, ಸುರತ್ಕಲ್:
ಎಲ್ಲರಿಗೂ ಉಪಕಾರವಾಯಿತು. ಈಗ ರಾತ್ರಿ ಹೊತ್ತು ಇವನ್ನು ನೋಡಲೇಬೇಕು ಎನಿಸಿದೆ. ನೇತ್ರಾಣಿಗೆ ನಮ್ಮನ್ನು ಹಗಲು ಮಾತ್ರ ಕರೆದುಕೊಂಡು ಹೋದರು. ಬಂದರ್ ಅಂಗಡಿಯವರೇ, ಕಡಮತ್‌ಗೆ ಹೋಗುವುದು ಹೇಗೆ? ಇಲ್ಲಿಂದಲೇ ಮಂಜಿಯಲ್ಲಿ ಹೋಗಬಹುದೇ?

ಬಂದರ್ ಅಂಗಡಿ:
ಮಂಜಿಯಲ್ಲಿ ಸಿಮೆಂಟ್ ಮೂಟೆಯ ಮೇಲೆ ಕುಳಿತು ಹೋಗಲು ನಿಮ್ಮನ್ನು ಯಾರು ಬಿಡುತ್ತಾರೆ ಮಾರಾಯರೇ! ಪ್ರವೇಶ ಪರವಾನಗಿ ಮೊದಲು ಮಾಡಿಸಿಕೊಳ್ಳಿ, ಅದಿಲ್ಲದೆ ದ್ವೀಪಕ್ಕೆ ಕಾಲಿಡಲಾಗದು. ಪ್ರಯಾಣಿಕರ ಹಡಗು ಕೊಚ್ಚಿಯಿಂದ. ಮಳೆಗಾಲ ಬಿಟ್ಟು ಹೋಗಿ. ದಿನ ಗೊತ್ತು ಮಾಡುವಾಗ ಪಂಚಾಂಗ ನೋಡಿ, ಅಮಾವಾಸ್ಯೆಯ ಆಸುಪಾಸು ಇಟ್ಟುಕೊಳ್ಳಿ. ಬೆಳದಿಂಗಳಿದ್ದರೆ ಅವು ಬಿಲದಿಂದ ಹೆಚ್ಚು ದೂರ ಹೋಗುವುದಿಲ್ಲ ಎನ್ನುತ್ತಾನೆ ನನ್ನ ಗೆಳೆಯ.

ಗಾಜಿನ ತೊಟ್ಟಿ:
ಟಾರ್ಚ್‌ಗೆ ಕೆಂಪು ಗಾಜು ಹಾಕಿಸಿಕೊಂಡು ಹೋಗಿ. ಬಿಳಿ ಬೆಳಕು ಬಿಟ್ಟರೆ ಬೆನ್ನು ಮಾತ್ರ ನೋಡಿ ವಾಪಸು ಬರುತ್ತೀರಿ.